ಮೆಮೊರಿ 72% ತುಂಬಿದೆ ಎಂದರೆ ರ‍್ಯಾಮ್ ಸಾಲದು ಎಂದರ್ಥವೇ?

ಪ್ರಶ್ನೆ: ಗಂಗಾವತಿ ಹತ್ತಿರದ ರೈಸ್ ಮಿಲ್ ಒಂದರ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ವಿಂಡೋಸ್ 10, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಇವೆ. ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಾಗಲೇ ಅದು ತೆವಳುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ 72% ಎಂದು ಬರುತ್ತದೆ, ಬಳಕೆ 5.6 ಜಿಬಿ. ಆದರೆ ಪಟ್ಟಿಯಲ್ಲಿರುವ ಎಲ್ಲ ಪ್ರೋಗ್ರಾಂಗಳನ್ನು ಕೂಡಿದರೂ 3.9 ಜಿಬಿ ದಾಟುವುದಿಲ್ಲ. ಉಳಿದದ್ದು ಎಲ್ಲಿ ಹೋಯಿತು? ಅದೇ ಪುಟದಲ್ಲಿ ಕಮಿಟೆಡ್ 9.3/14.8 ಎಂದಿದೆ, ಇರುವುದೇ 8 ಜಿಬಿ, 9.3 ಎಲ್ಲಿಂದ ಬಂತು? ಬಿಲ್ಲುಗಳ ಸ್ಕ್ಯಾನ್ ಇಡಲು 4 ಜಿಬಿಯ ಹಳೆಯ ಲಿನಕ್ಸ್ ಕಂಪ್ಯೂಟರ್ ಇದೆ, ಅದರಲ್ಲಿ ಖಾಲಿ ಉಳಿದಿರುವುದು 176 ಎಂಬಿ ಮಾತ್ರ. ಅಂಗಡಿಯವರು ಎರಡಕ್ಕೂ ರ‍್ಯಾಮ್ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಬೇಕೆ?

ಉತ್ತರ: ಲಿನಕ್ಸ್ ಕಂಪ್ಯೂಟರಿಗೆ ಬೇಡ. ಬಿಲ್ಲಿಂಗ್ ಕಂಪ್ಯೂಟರಿನಲ್ಲೂ, ನೀವು ಬರೆದ ಅಂಕಿಗಳ ಮಟ್ಟಿಗೆ ಹೇಳುವುದಾದರೆ, ಕೊರತೆ ರ‍್ಯಾಮಿನದಲ್ಲ, ಹಾರ್ಡ್ ಡಿಸ್ಕಿನ ವೇಗದ್ದು ಎಂದು ಕಾಣುತ್ತದೆ. ದುಡ್ಡು ಬಿಚ್ಚುವ ಮೊದಲು ಇದನ್ನು ನೀವೇ ಪರೀಕ್ಷಿಸಬಹುದು. ಪರದೆಯ ಮೇಲಿನ ಒಂದೊಂದು ಅಂಕಿ ಏನನ್ನು ಎಣಿಸುತ್ತದೆ, ಏನನ್ನು ಎಣಿಸದೆ ಬಿಡುತ್ತದೆ ಎಂಬುದು ಗೊತ್ತಿದ್ದರೆ ಸಾಕು.

8 ಎಂಬ ಅಂಕಿಯಿಂದಲೇ ಶುರು ಮಾಡೋಣ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ನಿಮಗೆ 7.8 ಜಿಬಿ ಎಂದೇ ಕಾಣುತ್ತಿರಬೇಕು, 5.6 ಅನ್ನು 7.8ರಿಂದ ಭಾಗಿಸಿದರೆ 72% ಬರುತ್ತದೆ. ಉಳಿದ 0.2 ಜಿಬಿಯನ್ನು ಬೋರ್ಡಿನಲ್ಲೇ ಇರುವ ಗ್ರಾಫಿಕ್ಸ್ ಮತ್ತು ಬಯೋಸ್ (ಯಂತ್ರ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ) ವಿಂಡೋಸ್ ಏಳುವ ಮೊದಲೇ ತೆಗೆದಿಟ್ಟುಕೊಂಡಿರುತ್ತವೆ. ಕೆಳಗೆ ‘ಹಾರ್ಡ್‌ವೇರ್ ರಿಸರ್ವ್ಡ್’ ಎಂಬ ಸಾಲಿನಲ್ಲಿ ಅದರ ಲೆಕ್ಕ ಇದೆ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105. ಎಡದಂಡೆ ಕಾಲುವೆಯ ರೈತರು ಬೆಳೆಯ ಲೆಕ್ಕಕ್ಕೆ ಹಿಡಿಯುವುದು ಎರಡನೆಯ ಅಂಕಿಯನ್ನೇ. ಇಲ್ಲೂ ಹಾಗೆ. 200 ಎಂಬಿ ಹೋಗಿದ್ದರೆ ಸಹಜ. ಒಂದೆರಡು ಜಿಬಿಯೇ ಕಾಣೆಯಾಗಿದ್ದರೆ ಬಯೋಸಿನಲ್ಲಿ ಗ್ರಾಫಿಕ್ಸ್‌ಗೆ ಹೆಚ್ಚು ಪಾಲು ಕೊಟ್ಟಿದ್ದಾರೆಯೇ ನೋಡಿ. ವಿಂಡೋಸ್‌ನ ಹೊಂದಾಣಿಕೆ ಪರದೆಯಾದ ಎಂಎಸ್‌ಕಾನ್ಫಿಗ್‌ನ ಬೂಟ್ ಪುಟದ ಅಡ್ವಾನ್ಸ್‌ಡ್ ಆಯ್ಕೆಗಳಲ್ಲಿ ‘ಮ್ಯಾಕ್ಸಿಮಂ ಮೆಮೊರಿ’ ಎಂಬಲ್ಲಿ ಯಾರಾದರೂ ಟಿಕ್ ಹಾಕಿಟ್ಟಿದ್ದರೂ ಹೀಗಾಗುತ್ತದೆ. ವೇಗ ಹೆಚ್ಚುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ ಹಾಕಿದ ಟಿಕ್ ಅದು. ಅದರಿಂದ ಹೆಚ್ಚುವುದು ಏನೂ ಇಲ್ಲ, ತೆಗೆದುಬಿಡಿ. 32 ಬಿಟ್‌ನ ವಿಂಡೋಸ್ 10 ಹಾಕಿದ್ದರಂತೂ 8 ಜಿಬಿ ಚುಚ್ಚಿದರೂ 4ರ ಮೇಲೆ ಬಳಸುವುದಿಲ್ಲ.

ಈಗ ಆ 7.8 ಜಿಬಿಯ ಒಳಗಡೆ. ವಿಂಡೋಸ್ ಮೆಮೊರಿಯನ್ನು 4 ಕೆಬಿಯ ಪೇಜುಗಳಾಗಿ ಹಂಚುತ್ತದೆ. ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿ ಪುಟಕ್ಕೆ ಹೋದರೆ ಬಣ್ಣದ ಪಟ್ಟಿಯೊಂದು ಕಾಣುತ್ತದೆ. ಅದರಲ್ಲಿ ಹಸಿರು ‘ಇನ್ ಯೂಸ್’, ಕಿತ್ತಳೆ ‘ಮಾಡಿಫೈಡ್’, ನೀಲಿ ‘ಸ್ಟ್ಯಾಂಡ್‌ಬೈ’, ತಿಳಿನೀಲಿ ‘ಫ್ರೀ’. ನಿಮ್ಮ ಅಂಕಿಗಳಿಗೆ ಹೊಂದುವ ಒಂದು ಉದಾಹರಣೆ ತೆಗೆದುಕೊಳ್ಳಿ: ಬಳಕೆ 5.6, ಮಾಡಿಫೈಡ್ 0.1, ಸ್ಟ್ಯಾಂಡ್‌ಬೈ 1.9, ಫ್ರೀ 0.2. ಕೂಡಿದರೆ 7.8. ಫ್ರೀ 0.2 ಮಾತ್ರ ಎಂದು ನೋಡಿ ಎದೆ ಹಾರಿಸಿಕೊಳ್ಳುವವರೇ ಹೆಚ್ಚು. ಆದರೆ ಸ್ಟ್ಯಾಂಡ್‌ಬೈ ಎಂದರೆ ಒಮ್ಮೆ ಓದಿದ ಕಡತ, ಮುಚ್ಚಿದ ಪ್ರೋಗ್ರಾಂ ಇವುಗಳ ಪ್ರತಿ. ಮೂಲ ಡಿಸ್ಕಿನಲ್ಲಿ ಹಾಗೆಯೇ ಇರುತ್ತದೆ, ಆದ್ದರಿಂದ ಬೇರೆಯವರಿಗೆ ಜಾಗ ಬೇಕಾದ ಕ್ಷಣವೇ ಎಸೆಯಬಹುದು. ಬೇಡವಾದರೆ ಅಲ್ಲೇ ಇದ್ದು, ಅದೇ ಕಡತ ಮತ್ತೆ ಕೇಳಿದಾಗ ಡಿಸ್ಕಿಗೆ ಹೋಗುವ ದಾರಿ ಉಳಿಸುತ್ತದೆ. ಸುಗ್ಗಿಯಲ್ಲಿ ಕಣ ಖಾಲಿ ಇದ್ದರೆ ಯಾರಿಗೆ ತಾನೇ ಸಂತೋಷ?

ಹಾಗಾಗಿ ನೋಡಬೇಕಾದ ಅಂಕಿ ಫ್ರೀ ಅಲ್ಲ, ‘ಅವೈಲಬಲ್’. ಅದು ಸ್ಟ್ಯಾಂಡ್‌ಬೈ ಮತ್ತು ಫ್ರೀ ಎರಡರ ಮೊತ್ತ. ಈ ಉದಾಹರಣೆಯಲ್ಲಿ 2.1 ಜಿಬಿ. ಪಕ್ಕದಲ್ಲೇ ‘ಕ್ಯಾಶ್ಡ್’ ಎಂದು 2.0 ಇರುತ್ತದೆ, ಅದು ಸ್ಟ್ಯಾಂಡ್‌ಬೈ ಮತ್ತು ಮಾಡಿಫೈಡ್‌ಗಳ ಮೊತ್ತ. ಸ್ಟ್ಯಾಂಡ್‌ಬೈ ಎರಡರಲ್ಲೂ ಇರುವುದರಿಂದ ಅವೈಲಬಲ್‌ನ್ನೂ ಕ್ಯಾಶ್ಡ್‌ನ್ನೂ ಕೂಡಿ ಲೆಕ್ಕ ಹೊಂದಿಸಲು ಹೊರಟರೆ ತಾಳೆಯಾಗುವುದೇ ಇಲ್ಲ. ಮಾಡಿಫೈಡ್ ಎಂದರೆ ತಿದ್ದಿದ್ದು, ಇನ್ನೂ ಡಿಸ್ಕಿಗೆ ಬರೆಯದೆ ಬಾಕಿ ಇರುವುದು. ಬರೆದ ಮೇಲಷ್ಟೇ ಅದು ಸ್ಟ್ಯಾಂಡ್‌ಬೈ ಆಗುತ್ತದೆ.

ಇನ್ನು ನಿಮ್ಮ ಕಾಣೆಯಾದ 1.7 ಜಿಬಿ. ಪ್ರೋಸೆಸಸ್ ಪಟ್ಟಿಯ ಮೆಮೊರಿ ಕಾಲಂ ಆಯಾ ಪ್ರೋಗ್ರಾಮಿಗೆ ಮಾತ್ರ ಸೇರಿದ, ಈಗ ರ‍್ಯಾಮಿನಲ್ಲಿ ಕೂತಿರುವ ಪೇಜುಗಳನ್ನಷ್ಟೇ ತೋರಿಸುತ್ತದೆ. ಇದರ ಹೆಸರು ಪ್ರೈವೇಟ್ ವರ್ಕಿಂಗ್ ಸೆಟ್. ಹತ್ತು ಪ್ರೋಗ್ರಾಂಗಳು ಹಂಚಿಕೊಂಡ ಡಿಎಲ್‌ಎಲ್ ಕಡತದ ಪೇಜುಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ವಿಂಡೋಸ್‌ನ ತಿರುಳಾದ ಕರ್ನೆಲ್‌ನ ಸ್ವಂತ ಖರ್ಚೂ ಅಲ್ಲಿಲ್ಲ, ಅದು ಪರ್ಫಾರ್ಮೆನ್ಸ್ ಪುಟದ ಕೆಳಗಡೆ ‘ಪೇಜ್ಡ್ ಪೂಲ್’, ‘ನಾನ್-ಪೇಜ್ಡ್ ಪೂಲ್’ ಎಂದು ಬೇರೆಯಾಗಿ ಬರುತ್ತದೆ. ಮೂರನೆಯದು ಸಂಕುಚಿತ ಮೆಮೊರಿ. ವಿಂಡೋಸ್ 10 ಬಂದಾಗಿನಿಂದ ಮೆಮೊರಿ ಬಿಗಿಯಾದರೆ ಪೇಜುಗಳನ್ನು ನೇರವಾಗಿ ಡಿಸ್ಕಿಗೆ ತಳ್ಳುವ ಮೊದಲು ಹಿಂಡಿ ರ‍್ಯಾಮಿನಲ್ಲೇ ಇಡುವ ವ್ಯವಸ್ಥೆ ಇದೆ. ಈ ಕೆಲಸ ಮಾಡುವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಟಾಸ್ಕ್ ಮ್ಯಾನೇಜರಿನ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಬಳಕೆಯ ಅಂಕಿಯ ಪಕ್ಕದ ಆವರಣದಲ್ಲಿ ಬರುವುದು ಅದರದೇ ಗಾತ್ರ. ‘ಮೆಮೊರಿ ಕಾಂಪೊಸಿಷನ್’ ಪಟ್ಟಿಯ ಮೇಲೆ ಮೌಸ್ ಇಟ್ಟರೆ ಹಿಂಡುವ ಮೊದಲು ಅದೆಷ್ಟಿತ್ತು, ಎಷ್ಟು ಉಳಿತಾಯವಾಯಿತು ಎಂಬುದೂ ತಿಳಿಯುತ್ತದೆ.

ಪೇಜ್ಡ್ ಪೂಲ್ 380 ಎಂಬಿ, ನಾನ್-ಪೇಜ್ಡ್ 290, ಹಿಂಡಿದ್ದು 410 ಎಂದಿಟ್ಟುಕೊಂಡರೆ ಅಲ್ಲಿಗೆ ಸುಮಾರು 1.1 ಜಿಬಿ. ಉಳಿದ 0.6 ಜಿಬಿ ಹಂಚಿಕೊಂಡ ಪೇಜುಗಳು, ಡ್ರೈವರುಗಳು (ಪ್ರಿಂಟರ್, ನೆಟ್‌ವರ್ಕ್‌ನಂಥ ಸಾಧನಗಳನ್ನು ನಡೆಸುವ ತಂತ್ರಾಂಶಗಳು) ಬೀಗ ಹಾಕಿ ಹಿಡಿದದ್ದು ಮತ್ತು ಯಾವ ಪೇಜ್ ಎಲ್ಲಿದೆ ಎಂದು ಬರೆದಿಡುವ ಕೋಷ್ಟಕಗಳು. ಅಂದರೆ ಕಳ್ಳ ಯಾರೂ ಇಲ್ಲ. ಕಡತವಾರು ಲೆಕ್ಕ ಬೇಕೆಂದರೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದ ‘ರ‍್ಯಾಮ್‌ಮ್ಯಾಪ್’ ಉಚಿತವಾಗಿ ಸಿಗುತ್ತದೆ, ಅದು ಪೇಜು ಪೇಜಿನ ಜಾತಕ ತೋರಿಸುತ್ತದೆ.

ಇವುಗಳಲ್ಲಿ ನಾನ್-ಪೇಜ್ಡ್ ಪೂಲ್ ಮೇಲೆ ಒಂದು ಕಣ್ಣಿರಲಿ. ಅದನ್ನು ಡಿಸ್ಕಿಗೆ ತಳ್ಳಲು ಬರುವುದಿಲ್ಲ. ಕೆಟ್ಟ ನೆಟ್‌ವರ್ಕ್ ಅಥವಾ ಪ್ರಿಂಟರ್ ಡ್ರೈವರ್ ಒಂದು ಪಡೆದ ಮೆಮೊರಿಯನ್ನು ಹಿಂದಿರುಗಿಸದೆ ಹೋದರೆ ಅದು ದಿನದಿಂದ ದಿನಕ್ಕೆ ಬೆಳೆಯುತ್ತದೆ. ‘ದಿನಾ ಸಂಜೆ ಆಫ್ ಮಾಡುತ್ತೇವಲ್ಲ’ ಎಂದು ನೀವು ಕೇಳಬಹುದು. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್ ಡೌನ್ ಕೊಟ್ಟಾಗ ವಿಂಡೋಸ್ ನಿಮ್ಮ ಪ್ರೋಗ್ರಾಂಗಳನ್ನು ಮುಚ್ಚಿ, ಕರ್ನೆಲ್‌ನ್ನು ಮಾತ್ರ ಹಾಗೆಯೇ ಡಿಸ್ಕಿಗೆ ಬರೆದು ಮಲಗಿಸುತ್ತದೆ. ಬೆಳಿಗ್ಗೆ ಏಳುವುದು ನಿನ್ನೆಯ ಕರ್ನೆಲ್ಲೇ, ನಿನ್ನೆಯ ಸೋರಿಕೆಯ ಸಮೇತ. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ‘ಅಪ್ ಟೈಮ್’ ನೋಡಿ. ದಿನಾ ಆಫ್ ಮಾಡಿದರೂ ಹದಿನೈದು ದಿನ ಎಂದು ತೋರಿಸಿದರೆ ಕಾರಣ ಇದೇ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಕರ್ನೆಲ್ ಹೊಸದಾಗಿ ಏಳುತ್ತದೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ, ಆ ಮೇಲೆ ಪೂಲಿನ ಅಂಕಿಯನ್ನು ದಿನಾ ಒಂದೇ ಹೊತ್ತಿಗೆ ಬರೆದಿಡಿ. ಏರುತ್ತಲೇ ಹೋದರೆ ಹೊಸ ರ‍್ಯಾಮ್ ಹಾಕಿದರೂ ಅದು ನುಂಗಿ ಹಾಕುತ್ತದೆ, ಡ್ರೈವರ್ ಬದಲಿಸುವುದೊಂದೇ ದಾರಿ.

ಕಮಿಟೆಡ್ 9.3/14.8 ಎಂಬುದು ನಿಮ್ಮ ಮಿಲ್ಲಿನ ಭಾಷೆಯಲ್ಲೇ ಸರಿಯಾಗಿ ಅರ್ಥವಾಗುತ್ತದೆ. ವ್ಯಾಪಾರಿಯೊಬ್ಬ ಗೋದಾಮಿನಲ್ಲಿ 500 ಚೀಲಕ್ಕೆ ಜಾಗ ಕಾದಿರಿಸುತ್ತಾನೆ, ಇಂದು ಇಳಿಸಿದ್ದು 200. ನೆಲ ತುಂಬಿದ್ದು 200 ಚೀಲದಷ್ಟೇ, ಆದರೆ ಮಾತು ಕೊಟ್ಟಿದ್ದು 500ಕ್ಕೆ. ಕಮಿಟ್ ಎಂಬುದು ಈ ಕೊಟ್ಟ ಮಾತಿನ ಮೊತ್ತ. ಮಿತಿ 14.8 ಎಂಬುದು ಸ್ವಂತ ಗೋದಾಮು 7.8 ಮತ್ತು ಬಾಡಿಗೆ ಶೆಡ್ಡು 7.0 ಎರಡೂ ಸೇರಿ. ಶೆಡ್ಡು ಎಂದರೆ ಡಿಸ್ಕಿನ ಮೇಲಿನ ಪೇಜ್‌ಫೈಲ್. ಕೊಟ್ಟ ಮಾತು ರ‍್ಯಾಮನ್ನು ಮೀರಿದೆ ಎಂದ ಮಾತ್ರಕ್ಕೆ ಕೊರತೆ ಎಂದಲ್ಲ. ಆದರೆ ವಿಂಡೋಸ್ ಖಡಕ್ ಮಾಲೀಕ, ಎರಡೂ ಸೇರಿದ ಮಿತಿಯಾಚೆ ಒಂದು ಚೀಲಕ್ಕೂ ಒಪ್ಪುವುದಿಲ್ಲ. ಕಮಿಟ್ ಮಿತಿಗೆ ತಾಗಿದರೆ ಪ್ರೋಗ್ರಾಂ ಕೇಳಿದ ಮೆಮೊರಿ ಸಿಗದೆ ಅರ್ಧಕ್ಕೇ ಮುಚ್ಚಿಕೊಳ್ಳಬಹುದು.

ವೇಗದ ಹೆಸರಿನಲ್ಲಿ ಪೇಜ್‌ಫೈಲನ್ನು ಸೊನ್ನೆ ಮಾಡುವ ಸಲಹೆ ಕೇಳಬೇಡಿ ಎನ್ನುವುದು ಇದಕ್ಕೇ. ಶೆಡ್ಡು ಕೆಡವಿದರೆ ನಿಮ್ಮ ಮಿತಿ 7.8ಕ್ಕೆ ಇಳಿಯುತ್ತದೆ. ಸುಗ್ಗಿಯಲ್ಲಿ ನಿಮಗೆ ಬೇಕಿರುವುದು 9.3. ಅವೈಲಬಲ್ ಇನ್ನೂ ಒಂದು ಜಿಬಿ ತೋರಿಸುತ್ತಿರುವಾಗಲೇ ‘ಮೆಮೊರಿ ಸಾಲದು’ ಎಂಬ ಸಂದೇಶ ಬರುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಗಾತ್ರವನ್ನು ವಿಂಡೋಸ್‌ಗೇ ಬಿಟ್ಟುಬಿಡಿ.

ಯಾವ ಪ್ರೋಗ್ರಾಂ ಸೋರುತ್ತಿದೆ ಎಂದು ಹುಡುಕಲೂ ಕಮಿಟ್ ಅಂಕಿಯೇ ಸರಿ. ಡೀಟೇಲ್ಸ್ ಪುಟದಲ್ಲಿ ಕಾಲಂ ತಲೆಯ ಮೇಲೆ ಬಲ ಕ್ಲಿಕ್ ಮಾಡಿ ‘ಕಮಿಟ್ ಸೈಜ್’ ಸೇರಿಸಿ. ವರ್ಕಿಂಗ್ ಸೆಟ್ ಎಂಬುದು ವಿಂಡೋಸ್ ಬಿಗಿ ಮಾಡಿದಂತೆ ಕುಗ್ಗುತ್ತದೆ. ಕಮಿಟ್ ಕುಗ್ಗಬೇಕಾದರೆ ಪ್ರೋಗ್ರಾಂ ತಾನೇ ಮೆಮೊರಿ ಹಿಂದಿರುಗಿಸಬೇಕು. ಬೆಳಿಗ್ಗೆ 300 ಎಂಬಿ ಇದ್ದದ್ದು ಮಧ್ಯಾಹ್ನ 900, ಸಂಜೆ 1,600 ಆಗಿ, ಕೆಲಸ ಮುಗಿದರೂ ಇಳಿಯದಿದ್ದರೆ ಅದೇ ನಿಮ್ಮ ಅಪರಾಧಿ. ಬ್ರೌಸರಿನ ವಿಷಯದಲ್ಲಿ ಒಂದು ಎಚ್ಚರಿಕೆ: ಅದು ಪುಟಪುಟಕ್ಕೂ ಬೇರೆ ಪ್ರೋಸೆಸ್ ಮಾಡಿಕೊಳ್ಳುವುದರಿಂದ ಇಪ್ಪತ್ತು ಸಾಲುಗಳನ್ನು ಕೂಡಬೇಕು. ಜಿಎಸ್‌ಟಿ ಪೋರ್ಟಲ್, ಬ್ಯಾಂಕು, ಮೇಲ್ ಎಂದು ತೆರೆದಿಟ್ಟ ಪುಟಗಳೇ ಬಿಲ್ಲಿಂಗ್ ತಂತ್ರಾಂಶಕ್ಕಿಂತ ಹೆಚ್ಚು ತಿನ್ನುತ್ತಿರುವುದು ಸಾಮಾನ್ಯ.

ಹಾಗಾದರೆ ನಿಜವಾದ ಕೊರತೆ ಹೇಗೆ ಕಾಣುತ್ತದೆ? ಮೆಮೊರಿ ಸಾಲದಿದ್ದರೆ ಪೇಜುಗಳು ಡಿಸ್ಕಿಗೂ ರ‍್ಯಾಮಿಗೂ ನಡುವೆ ಓಡಾಡತೊಡಗುತ್ತವೆ. ತುಂಬಿದ್ದು ಎಷ್ಟು ಎನ್ನುವುದಕ್ಕಿಂತ ಈ ಓಡಾಟವೇ ಮುಖ್ಯ. ಲಾರಿ ಸಾಲು ನಿಂತ ಹೊತ್ತಿನಲ್ಲಿ, ಯಂತ್ರ ತೆವಳುತ್ತಿರುವಾಗಲೇ, ರಿಸೋರ್ಸ್ ಮಾನಿಟರಿನ ಮೆಮೊರಿ ಪುಟದಲ್ಲಿ ‘ಹಾರ್ಡ್ ಫಾಲ್ಟ್ಸ್/ಸೆಕೆಂಡ್’ ನೋಡಿ. ಪ್ರೋಗ್ರಾಂ ತೆರೆಯುವಾಗ ಈ ಅಂಕಿ ಒಂದು ಕ್ಷಣ ನೂರಾರಕ್ಕೆ ಹಾರುವುದು ಸಹಜ, ಯಾಕೆಂದರೆ ಕಡತವನ್ನು ಮೊದಲ ಸಲ ಓದಿದರೂ ಹಾರ್ಡ್ ಫಾಲ್ಟ್ ಎಂದೇ ಎಣಿಕೆ. ನಿಮಿಷಗಟ್ಟಲೆ ಇಳಿಯದೆ ನಿಂತರೆ ಮಾತ್ರ ಚಿಂತಿಸಿ. ಆಗ ಡಿಸ್ಕ್ ಪುಟಕ್ಕೆ ಹೋಗಿ ಪೇಜ್‌ಫೈಲ್ ಹೆಸರಿನ ಸಾಲು ಮೇಲಿದೆಯೇ ನೋಡಿ. ಮೇಲಿದ್ದು, ಅವೈಲಬಲ್ 500 ಎಂಬಿಗಿಂತ ಕೆಳಗಿಳಿದಿದ್ದರೆ ರ‍್ಯಾಮ್ ಬೇಕೇ ಬೇಕು. ಡಿಸ್ಕ್ 100% ಬ್ಯುಸಿ ಇದ್ದು, ಅವೈಲಬಲ್ 2 ಜಿಬಿ ಹಾಗೆಯೇ ಇದ್ದರೆ, ಮೇಲಿರುವುದು ನಿಮ್ಮ ಬಿಲ್ಲಿಂಗ್ ದತ್ತಾಂಶವೋ ಆಂಟಿವೈರಸ್ಸೋ ಆಗಿದ್ದರೆ, ರ‍್ಯಾಮ್ ಹಾಕಿ ಪ್ರಯೋಜನವಿಲ್ಲ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಅಲ್ಲೊಂದು ಇಲ್ಲೊಂದು ಇರುವ ಚೂರುಗಳನ್ನು ಸೆಕೆಂಡಿಗೆ ಸುಮಾರು ನೂರರಷ್ಟು ಮಾತ್ರ ಓದಬಲ್ಲದು. ತಿರುಗುವ ತಟ್ಟೆಯೇ ಇಲ್ಲದ ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಸಾವಿರಗಟ್ಟಲೆ ಓದುತ್ತದೆ. ನಿಮ್ಮ ಅಂಕಿಗಳು ಈ ಎರಡನೆಯ ಕಡೆಗೇ ವಾಲುತ್ತಿವೆ.

‘ರ‍್ಯಾಮ್ ಕ್ಲೀನರ್’, ‘ಬೂಸ್ಟರ್’ ಹೆಸರಿನ ತಂತ್ರಾಂಶ ಇದ್ದರೆ ಇಂದೇ ತೆಗೆಯಿರಿ. ಅವು ಮಾಡುವುದಿಷ್ಟೆ: ಎಲ್ಲ ಪ್ರೋಗ್ರಾಂಗಳ ಪೇಜುಗಳನ್ನು ಬಲವಂತವಾಗಿ ಹೊರದಬ್ಬಿ 72%ಯನ್ನು 40% ಮಾಡಿ ತೋರಿಸುವುದು. ಮುಂದಿನ ಕ್ಲಿಕ್ಕಿಗೆ ಅವೇ ಪೇಜುಗಳು ವಾಪಸ್ ಬರಬೇಕು, ಕೆಲವು ಡಿಸ್ಕಿನಿಂದ. ಗೋದಾಮು ಚೊಕ್ಕಟ ಕಾಣಲಿ ಎಂದು ಹಮಾಲರಿಂದ ಚೀಲ ಹೊರಗೆ ಹಾಕಿಸಿ, ಮತ್ತೆ ಒಳಗೆ ಹೊರಿಸಿದಂತೆ.

ಇನ್ನು ಲಿನಕ್ಸ್. ಟರ್ಮಿನಲ್‌ನಲ್ಲಿ ‘ಫ್ರೀ -ಎಂ’ ಕೊಟ್ಟಾಗ ಒಟ್ಟು 3,822, ಯೂಸ್ಡ್ 940, ಫ್ರೀ 176, ಬಫ್/ಕ್ಯಾಶ್ 2,706, ಅವೈಲಬಲ್ 2,570 ಎಂಬಂತೆ ಬಂದರೆ, 176 ಎಂಬುದು ಏನೂ ಹೇಳುವುದಿಲ್ಲ. ನಿಮ್ಮ ಈ ಯಂತ್ರದಂತೆ ಕಡತಗಳನ್ನು ಇಟ್ಟು ಹಂಚುವ ಫೈಲ್ ಸರ್ವರಿನ ಕೆಲಸವೇ ಓದಿದ ಕಡತಗಳನ್ನು ಮೆಮೊರಿಯಲ್ಲಿ ಹಿಡಿದಿಡುವುದು. ಕೊನೆಯ ಕಾಲಂ ನೋಡಿ: ಎರಡೂವರೆ ಜಿಬಿ ಕೈಗೆ ಸಿಗುವಂತಿದೆ. ಈ ಅಂದಾಜನ್ನು ಕರ್ನೆಲ್ ತಾನೇ ಮಾಡಿ ಕೊಡುವುದು 2014ರ 3.14 ಆವೃತ್ತಿಯಿಂದ; ಅದಕ್ಕೂ ಮೊದಲು ಜನ ಫ್ರೀ, ಬಫರ್, ಕ್ಯಾಶ್ ಮೂರನ್ನೂ ಕೂಡಿ ಊಹಿಸುತ್ತಿದ್ದರು. ಆ ಮೊತ್ತಕ್ಕಿಂತ ಅವೈಲಬಲ್ ಕಡಿಮೆ ಬರುತ್ತದೆ. ಕರ್ನೆಲ್ ತುರ್ತಿಗೆಂದು ಸ್ವಲ್ಪ ಕೈಯಲ್ಲಿಟ್ಟುಕೊಳ್ಳುತ್ತದೆ, ಕ್ಯಾಶಿನ ಲೆಕ್ಕದಲ್ಲಿರುವ ಎಲ್ಲವನ್ನೂ ಬಿಡಲೂ ಆಗುವುದಿಲ್ಲ.

ಮುಖ್ಯವಾಗಿ ಬಿಡಲಾಗದ್ದು ಟಿಎಂಪಿಎಫ್‌ಎಸ್, ಅಂದರೆ ಮೆಮೊರಿಯಲ್ಲೇ ಇರುವ ಕಡತ ವ್ಯವಸ್ಥೆ. ಕೆಲವು ಲಿನಕ್ಸ್‌ಗಳಲ್ಲಿ ಟೆಂಪ್ ಕಡತಕೋಶವೇ ಹಾಗಿರುತ್ತದೆ. ಒಂದು ಜಿಬಿಯ ಬ್ಯಾಕಪ್ಪನ್ನು ಅಲ್ಲಿಟ್ಟು ಮರೆತರೆ ಒಂದು ಜಿಬಿ ಮೆಮೊರಿ ಹೋಯಿತು. ಅದು ಕ್ಯಾಶ್ ಎಂದೇ ತೋರುತ್ತದೆ, ಆದರೆ ಡಿಸ್ಕಿನಲ್ಲಿ ಮೂಲವಿಲ್ಲದ ಕಾರಣ ಎಸೆಯುವಂತಿಲ್ಲ. ‘ಶೇರ್ಡ್’ ಕಾಲಂ ದೊಡ್ಡದಾಗಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಎರಡು ಲಿನಕ್ಸ್ ಯಂತ್ರಗಳ ಯೂಸ್ಡ್ ಅಂಕಿಯನ್ನು ಹೋಲಿಸಲು ಹೋಗಬೇಡಿ. ಫ್ರೀ ಆಜ್ಞೆ ಬರುವ ಪ್ರಾಕ್‌ಪಿಎಸ್ ಕಟ್ಟಿನ 3.3 ಸರಣಿಯ ಕೊನೆಯ ಆವೃತ್ತಿಗಳು ಒಟ್ಟಿನಿಂದ ಫ್ರೀ ಮತ್ತು ಬಫ್/ಕ್ಯಾಶ್ ಕಳೆಯುತ್ತವೆ: 940. 4ನೇ ಸರಣಿಯಿಂದ ಒಟ್ಟಿನಿಂದ ಅವೈಲಬಲ್ ಕಳೆಯುತ್ತಾರೆ: ಅದೇ ಯಂತ್ರ, ಅದೇ ಕ್ಷಣ, 1,252. ತಂತ್ರಾಂಶ ನವೀಕರಿಸಿದ ಮರುದಿನ ‘ಮೆಮೊರಿ 300 ಎಂಬಿ ಹೆಚ್ಚು ತಿನ್ನುತ್ತಿದೆ’ ಎಂಬ ದೂರು ಹುಟ್ಟುವುದು ಹೀಗೆ.

ಟಾಪ್ ಆಜ್ಞೆಯಲ್ಲಿ ಸಿಗುವ ಅಂಕಿಗಳು ವಿಂಡೋಸ್‌ಗೆ ತದ್ವಿರುದ್ಧ: ಅಲ್ಲಿ ಕೂಡಿದರೆ ಕಡಿಮೆ ಬಂದಂತೆ ಇಲ್ಲಿ ಕೂಡಿದರೆ ಹೆಚ್ಚು ಬರುತ್ತದೆ. ಕಡತ ಹಂಚುವ ಸಾಂಬಾ ಒಂದೊಂದು ಕಂಪ್ಯೂಟರಿಗೂ ಒಂದು ಪ್ರೋಸೆಸ್ ತೆರೆಯುತ್ತದೆ. ಆರು ಪ್ರೋಸೆಸ್, ಪ್ರತಿಯೊಂದರ ‘ರೆಸ್’ (ರ‍್ಯಾಮಿನಲ್ಲಿ ಕೂತದ್ದು) 24 ಎಂಬಿ, ‘ಎಸ್‌ಎಚ್‌ಆರ್’ (ಅದರಲ್ಲಿ ಹಂಚಿಕೊಂಡದ್ದು) 18 ಎಂದಿಟ್ಟುಕೊಳ್ಳಿ. ಕೂಡಿದರೆ 144. ಆ 18 ಎಂಬಿ ಆರೂ ಹಂಚಿಕೊಂಡ ಒಂದೇ ಪ್ರತಿಯಾಗಿದ್ದರೆ ನಿಜವಾದ ಖರ್ಚು 18ಕ್ಕೆ ಆರು ಆರಲಿ 36 ಸೇರಿಸಿ 54. ಹಂಚಿಕೊಂಡದ್ದನ್ನು ಪಾಲು ಮಾಡಿ ಹೇಳುವ ಅಂಕಿಗೆ ಪಿಎಸ್‌ಎಸ್ ಎನ್ನುತ್ತಾರೆ. ಇಲ್ಲಿ ತಲಾ 9. ‘ಎಸ್‌ಮೆಮ್’ ಎಂಬ ಸಣ್ಣ ತಂತ್ರಾಂಶ ಅದನ್ನು ತೋರಿಸುತ್ತದೆ. ‘ವರ್ಟ್’ ಕಾಲಮಿನ ದೊಡ್ಡ ದೊಡ್ಡ ಅಂಕಿಗಳು ಬರೀ ವಿಳಾಸಗಳ ಹರವು, ಅವನ್ನು ಬಿಟ್ಟುಬಿಡಿ.

ಸ್ವಾಪ್‌ನಲ್ಲಿ, ಅಂದರೆ ಲಿನಕ್ಸ್‌ನ ಬಾಡಿಗೆ ಶೆಡ್ಡಿನಲ್ಲಿ, 300 ಎಂಬಿ ಇದೆ ಎಂದರೂ ಹೆದರಬೇಕಿಲ್ಲ. ದಿನಗಟ್ಟಲೆ ಮುಟ್ಟದ ಪೇಜುಗಳು ಅಲ್ಲಿ ಮಲಗಿರಬಹುದು. ‘ವಿಎಂಸ್ಟ್ಯಾಟ್ 1’ ಕೊಟ್ಟು ‘ಎಸ್‌ಐ’ (ಸ್ವಾಪಿನಿಂದ ಒಳಗೆ ಬಂದದ್ದು), ‘ಎಸ್‌ಒ’ (ಹೊರಗೆ ಹೋದದ್ದು) ಕಾಲಂ ನೋಡಿ. ಮೊದಲ ಸಾಲು ಯಂತ್ರ ಎದ್ದಾಗಿನಿಂದ ಈವರೆಗಿನ ಸರಾಸರಿ, ಬಿಡಿ. ಮುಂದಿನ ಸಾಲುಗಳಲ್ಲಿ ಸೊನ್ನೆ ಇದ್ದರೆ ಓಡಾಟವಿಲ್ಲ. ಲಿನಕ್ಸ್ ಗೋದಾಮಿನ ಮಾಲೀಕ ಮಾತ್ರ ವಿಂಡೋಸ್‌ನಂತಲ್ಲ. ಎಲ್ಲರೂ ಒಟ್ಟಿಗೆ ಬರಲಾರರು ಎಂದು ನಂಬಿ ಇರುವುದಕ್ಕಿಂತ ಹೆಚ್ಚು ಮಾತು ಕೊಡುತ್ತಾನೆ, ಎಲ್ಲರೂ ಬಂದಾಗ ಒಬ್ಬನನ್ನು ಹೊರಗೆ ಹಾಕುತ್ತಾನೆ. ಹೀಗೆ ಪ್ರೋಸೆಸ್ ಕೊಲ್ಲುವ ಭಾಗಕ್ಕೆ ಓಓಎಂ ಕಿಲ್ಲರ್ ಎಂದೇ ಹೆಸರು. ಸಾಂಬಾ ತಾನಾಗಿ ನಿಂತುಹೋದರೆ ‘ಡಿಮೆಸ್ಜ್’ ದಾಖಲೆಯಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಹುಡುಕಿ.

ಕ್ಯಾಶ್ ಖಾಲಿ ಮಾಡುವ ‘ಡ್ರಾಪ್ ಕ್ಯಾಶಸ್’ ಸೂತ್ರವನ್ನು ಗಂಟೆಗೊಮ್ಮೆ ಓಡಿಸುವ ಸಲಹೆಯೂ ಬೂಸ್ಟರಿನ ತಮ್ಮನೇ. ಕ್ಯಾಶಿನ ಬಗ್ಗೆ ನಿಜವಾಗಿ ಜಾಗ್ರತೆ ಬೇಕಾದದ್ದು ಬೇರೆ ಕಡೆ: ಉಳಿಸಿದ ಸ್ಕ್ಯಾನ್ ಕೂಡಲೇ ಡಿಸ್ಕಿಗೆ ಇಳಿಯುವುದಿಲ್ಲ, ಸಾಮಾನ್ಯ ಹೊಂದಾಣಿಕೆಯಲ್ಲಿ ಸುಮಾರು 30 ಸೆಕೆಂಡು ಮೆಮೊರಿಯಲ್ಲೇ ಕಾಯಬಹುದು. ಅಷ್ಟರಲ್ಲಿ ಕರೆಂಟ್ ಹೋದರೆ ಆ ಬಿಲ್ಲು ಹೋಯಿತು. ಹಳೆಯ ಸರ್ವರಿಗೆ ರ‍್ಯಾಮ್ ಹಾಕಿಸಲು ಇಟ್ಟ ದುಡ್ಡನ್ನು ಯುಪಿಎಸ್ ಬ್ಯಾಟರಿಗೆ ಹಾಕಿ.

ಬಿಲ್ಲಿಂಗ್ ಯಂತ್ರಕ್ಕೆ ಒಂದು ವಾರ, ಲಾರಿ ಹೆಚ್ಚಿರುವ ಹೊತ್ತಿನಲ್ಲಿ ಅವೈಲಬಲ್, ಕಮಿಟೆಡ್, ಹಾರ್ಡ್ ಫಾಲ್ಟ್, ಡಿಸ್ಕಿನ ಶೇಕಡಾ ಈ ನಾಲ್ಕನ್ನು ಬರೆದಿಡಿ. ಅಂಗಡಿಗೆ ಹೋಗುವಾಗ ಆ ಚೀಟಿ ಜೊತೆಗಿರಲಿ. ಕೊನೆಗೂ ರ‍್ಯಾಮ್ ಬೇಕೆಂದೇ ಆದರೆ ಅದೇ ಪರ್ಫಾರ್ಮೆನ್ಸ್ ಪುಟದಲ್ಲಿ ‘ಸ್ಲಾಟ್ಸ್ ಯೂಸ್ಡ್’ ನೋಡಿ. 2ರಲ್ಲಿ 1 ಎಂದಿದ್ದರೆ ಅದೇ ವೇಗದ 8 ಜಿಬಿ ಇನ್ನೊಂದು ಹಾಕಿಸಬಹುದು, ಎರಡು ಚಾನೆಲ್‌ನ ಲಾಭವೂ ಸಿಗುತ್ತದೆ. ಹಳೆಯ ಪೀಳಿಗೆಯ ಡಿಡಿಆರ್3 ರ‍್ಯಾಮಿನ ಬೋರ್ಡಿಗೆ ಅದರ ಮುಂದಿನ ಪೀಳಿಗೆಯ ಡಿಡಿಆರ್4 ಕೂರುವುದೇ ಇಲ್ಲ, ಕಚ್ಚಿನ ಜಾಗವೇ ಬೇರೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ, ವಿಂಡೋಸ್ 11ಕ್ಕೆ ಏರಲಾಗದ ಹಳೆಯ ಬೋರ್ಡಾಗಿದ್ದರೆ ಅದಕ್ಕೆ ಡಿಡಿಆರ್3 ಹುಡುಕಿ ದುಡ್ಡು ಸುರಿಯಬೇಡಿ. ಎಸ್‌ಎಸ್‌ಡಿ ಹಾಕಿಸಿದರೆ ಅದನ್ನು ಬಿಚ್ಚಿ ಮುಂದಿನ ಯಂತ್ರಕ್ಕೂ ಕೂರಿಸಬಹುದು.